ಅರ್ಜಿಯ ಚರಿತ್ರೆ: 1856ರ ಧಾರವಾಡ ಮತ್ತು ನಮ್ಮ ವಿದ್ಯಾರ್ಥಿ ವೇತನ

1

ದಲಿತ ವಿಮರ್ಶೆ ಇಷ್ಟು ವರ್ಷ ಕಾವ್ಯವನ್ನು ಓದಿದೆ, ಕತೆಯನ್ನು ಓದಿದೆ, ಆತ್ಮಕಥನವನ್ನಂತೂ ಬಿಡದೆ ಓದಿದೆ. ಸರಕಾರದ ಕಡತವನ್ನು ಓದಿದ್ದು ಮಾತ್ರ ಕಡಿಮೆ. ಆದರೆ ನಮ್ಮ ಕೇರಿಗಳಿಂದ ಬಂದ ಮೊದಲ ತಲೆಮಾರಿನ ಓದಿದವರು ಕವಿತೆ ಬರೆಯುವುದಕ್ಕೆ ಮುಂಚೆ ಅರ್ಜಿ ಬರೆದವರು. ಸ್ಕಾಲರ್‌ಶಿಪ್ಪಿಗೆ ಅರ್ಜಿ, ಹಾಸ್ಟೆಲ್ ಸೀಟಿಗೆ ಅರ್ಜಿ, ಫೀ ಮಾಫಿಗೆ ಅರ್ಜಿ. ಈ ಬರವಣಿಗೆಯನ್ನು ಸಾಹಿತ್ಯವೆಂದು ಯಾರೂ ಕರೆಯಲಿಲ್ಲ, ನಾವೂ ಕರೆದುಕೊಳ್ಳಲಿಲ್ಲ. ಅದರ ಭಾಷೆ ವಿನಯದ್ದು, ಅದರ ಕೊನೆಯ ಸಾಲು ಯಾವಾಗಲೂ 'ತಮ್ಮ ವಿಧೇಯ'. ಆದರೆ ಆ ವಿಧೇಯತೆಯ ಒಳಗೆ ಒಂದು ಜಗಳ ಇದೆ. ಆ ಜಗಳದ ಆರಂಭದ ಪುಟಗಳಲ್ಲೇ ನಮ್ಮ ಧಾರವಾಡ ಇದೆ.

ಅರವಿಂದ ಮಾಲಗತ್ತಿಯವರ ಆತ್ಮಕಥನ 'ಗೌರ್ಮೆಂಟ್ ಬ್ರಾಹ್ಮಣ' ಬಂದದ್ದು 1994ರಲ್ಲಿ. ಆ ಹೆಸರು ಸುಮ್ಮನೆ ಇಟ್ಟದ್ದಲ್ಲ. ಮೀಸಲಾತಿ, ಸ್ಕಾಲರ್‌ಶಿಪ್ಪು ಪಡೆದ ದಲಿತ ಹುಡುಗರನ್ನು ಮೇಲ್ಜಾತಿಯವರು ಆಡಿಕೊಳ್ಳುತ್ತಿದ್ದ ಮಾತು ಅದು. ಆ ಚೇಷ್ಟೆಯ ಹಿಂದೆ ಒಂದು ನಂಬಿಕೆಯಿದೆ: ಸರಕಾರದ ದುಡ್ಡು ಬಿಟ್ಟಿ ದುಡ್ಡು, ಅದನ್ನು ತಿಂದು ಬೆಳೆದವರು ಇವರು. ಈ ನಂಬಿಕೆ ಈಗಲೂ ಕ್ಲಾಸ್‌ರೂಮಿನಲ್ಲಿದೆ, ಸ್ಟಾಫ್‌ರೂಮಿನಲ್ಲೂ ಇದೆ. ಇದಕ್ಕೆ ಉತ್ತರವನ್ನು ಸಿಟ್ಟಿನಿಂದ ಕೊಡಬಹುದು. ಚರಿತ್ರೆಯಿಂದ ಕೊಟ್ಟರೆ ಅದು ಹೆಚ್ಚು ಕಾಲ ಬಾಳುತ್ತದೆ. ಸರಕಾರದ ದುಡ್ಡಿನಲ್ಲಿ ಮೊದಲು ಓದಿದವರು ಯಾರು ಎಂಬ ಪ್ರಶ್ನೆಯಿಂದಲೇ ಶುರುಮಾಡೋಣ.

2

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಪ್ರವೇಶ ಕೇಳಿದ. ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನಾಗದೆ ಮುಂಬಯಿ ಸರಕಾರಕ್ಕೇ ಅರ್ಜಿ ಹಾಕಿದ. ಅಂದು ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಜುಲೈ 21ರಂದು ಸರಕಾರದ ನಿರ್ಣಯ ಬಂತು. ಅರ್ಜಿದಾರನ ಬೇಡಿಕೆ ತತ್ವಶಃ ನ್ಯಾಯವಾದದ್ದೇ ಎಂದು ಅದು ಒಪ್ಪುತ್ತದೆ. ಆಮೇಲೆ ಮಾತು ತಿರುಗಿಸುತ್ತದೆ. ಇಂಥ ಅರ್ಜಿ ಹಾಕಿದ ಮಹಾರ ಇವನೊಬ್ಬನೇ, ಇವನೊಬ್ಬನಿಗಾಗಿ ಸವರ್ಣ ಮಕ್ಕಳ ಜೊತೆ ಇವನನ್ನು ಬಲವಂತವಾಗಿ ಕೂಡಿಸಿದರೆ ಶಾಲೆಯೇ ಬಹುಜನರಿಗೆ ನಿರುಪಯೋಗಿ ಆದೀತು ಎಂಬುದು ಅದರ ವಾದ. ಅಂಬೇಡ್ಕರರು 1928ರಲ್ಲಿ ಸೈಮನ್ ಕಮಿಷನ್ನಿಗೆ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಕೊಟ್ಟ ಶಿಕ್ಷಣದ ಹೇಳಿಕೆಯಲ್ಲಿ ಈ ಪ್ರಕರಣವನ್ನು ಎತ್ತಿ ತೋರಿಸಿದರು. ಅಲ್ಲಿ ಆ ಹುಡುಗನಿಗೆ ಹೆಸರಿಲ್ಲ. ಜಾತಿ ಇದೆ, ಊರು ಇದೆ.

ಈ ನಿರ್ಣಯದ ತರ್ಕವನ್ನು ಸಾವಧಾನವಾಗಿ ಗಮನಿಸಬೇಕು. ಅನ್ಯಾಯವೆಂದು ಗೊತ್ತಿದೆ, ಆದರೆ ಅನ್ಯಾಯ ಮಾಡುವವರ ಸಂಖ್ಯೆ ದೊಡ್ಡದು. ಅರ್ಜಿ ಹಾಕಿದವನು ಒಬ್ಬನೇ ಇದ್ದದ್ದು ಅವನ ತಪ್ಪಾಯಿತು. ಮಿಕ್ಕವರು ಯಾಕೆ ಬರಲಿಲ್ಲ ಎಂದು ಕೇಳುವ ಗೋಜಿಗೆ ಸರಕಾರ ಹೋಗಲಿಲ್ಲ.

ಪ್ರಕರಣ ಅಲ್ಲಿಗೇ ನಿಲ್ಲಲಿಲ್ಲ. ಕಲಕತ್ತೆಯಲ್ಲಿದ್ದ ಭಾರತ ಸರಕಾರ ಮುಂಬಯಿಯ ತೀರ್ಮಾನವನ್ನು ಒಪ್ಪಲಿಲ್ಲ. ಲಂಡನ್ನಿನ ಕಂಪನಿ ನಿರ್ದೇಶಕರೂ ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ಎಂದರು. ಹಾಗಾಗಿ 1858ರಲ್ಲಿ ಮುಂಬಯಿ ಸರಕಾರ ಒಂದು ಪ್ರಕಟಣೆ ಹೊರಡಿಸಬೇಕಾಯಿತು. ಪೂರ್ತಿಯಾಗಿ ಸರಕಾರದ ಖರ್ಚಿನಲ್ಲೇ ನಡೆಯುವ ಶಾಲೆಗಳು ಎಲ್ಲ ಪ್ರಜೆಗಳಿಗೂ ತೆರೆದಿರತಕ್ಕದ್ದು. ಅರ್ಧ ಸರಕಾರದ, ಅರ್ಧ ಖಾಸಗಿಯವರ ದುಡ್ಡಿನಲ್ಲಿ ನಡೆಯುವ ಶಾಲೆಗಳು ಜಾತಿಯ ಕಾರಣಕ್ಕೆ ಯಾರನ್ನಾದರೂ ಹೊರಗಿಟ್ಟರೆ ಅನುದಾನ ನಿಲ್ಲಿಸುವ ಹಕ್ಕನ್ನು ಸರಕಾರ ತನ್ನಲ್ಲೇ ಇಟ್ಟುಕೊಂಡಿತು. ಹಕ್ಕು ಇಟ್ಟುಕೊಂಡಿತು ಅಷ್ಟೇ, ನಿಲ್ಲಿಸುತ್ತೇನೆಂದು ಹೇಳಲಿಲ್ಲ.

ನನ್ನ ಮಟ್ಟಿಗೆ ಈ ಪ್ರಕಟಣೆ ನಮ್ಮ ಶಿಕ್ಷಣ ಚರಿತ್ರೆಯ ಅತಿ ಮುಖ್ಯ ಪಠ್ಯಗಳಲ್ಲಿ ಒಂದು. ಶಾಲೆಯ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದನ್ನು ಇದು ಶಾಲೆಯ ದುಡ್ಡು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಕಟ್ಟಿಹಾಕಿತು. ನಾವು ಪ್ರವೇಶವನ್ನು ಒಂದು ಪ್ರಶ್ನೆ, ಹಣವನ್ನು ಇನ್ನೊಂದು ಪ್ರಶ್ನೆ ಎಂದು ಬೇರೆ ಬೇರೆ ಮಾತಾಡುತ್ತೇವೆ. ಧಾರವಾಡದ ಆ ಹುಡುಗನ ಕಾಲದಿಂದಲೂ ಅವೆರಡೂ ಒಂದೇ ಪ್ರಶ್ನೆ.

3

ಬಾಗಿಲು ಕಾಗದದ ಮೇಲೆ ತೆರೆದು 24 ವರ್ಷವಾದ ಮೇಲೆ, 1882ರಲ್ಲಿ, ಹಂಟರ್ ಆಯೋಗ ಲೆಕ್ಕ ಹಾಕಿತು. ಮುಂಬಯಿ ಪ್ರಾಂತದ ಕಾಲೇಜುಗಳಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳ ಸಂಖ್ಯೆ ಸೊನ್ನೆ. ಅದೇ ಆಯೋಗದ ಮುಂದೆ ಜೋತಿಬಾ ಫುಲೆ ಹೇಳಿಕೆ ಕೊಟ್ಟರು. ಸರಕಾರದ ಬೊಕ್ಕಸ ತುಂಬುವುದು ದುಡಿಯುವ ರೈತಾಪಿಗಳ ಬೆವರಿನಿಂದ, ಅದು ಖರ್ಚಾಗುವುದು ಮೇಲ್ವರ್ಗದ ಮಕ್ಕಳ ಉನ್ನತ ಶಿಕ್ಷಣಕ್ಕೆ ಎಂಬುದು ಅವರ ವಾದದ ತಿರುಳು. 'ಗೌರ್ಮೆಂಟ್ ಬ್ರಾಹ್ಮಣ' ಎಂದು ಆಡಿಕೊಂಡವರಿಗೆ ಕೊಡಬೇಕಾದ ಉತ್ತರ ಆ ಮಾತು ಹುಟ್ಟುವ ಮೊದಲೇ ತಯಾರಾಗಿತ್ತು. ಸರಕಾರದ ದುಡ್ಡಿನಲ್ಲಿ ಮೊದಲು ಓದಿದವರು ನಾವಲ್ಲ.

ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಶಬ್ದ ಸಿಕ್ಕಿದೆ: ವಿದ್ಯಾರ್ಥಿ ವೇತನ. ವೇತನ ಎಂದರೆ ದುಡಿದವರಿಗೆ ಸಲ್ಲುವ ಸಂಬಳ. ದಾನವಲ್ಲ, ಧರ್ಮವಲ್ಲ, ಬಕ್ಷೀಸಂತೂ ಅಲ್ಲವೇ ಅಲ್ಲ. ಕೂಲಿ ಕೊಡದೆ ದುಡಿಸಿಕೊಂಡ ತಲೆಮಾರುಗಳ ಬಾಕಿಯಲ್ಲಿ ಒಂದಿಷ್ಟು ಈಗ ಮೊಮ್ಮಕ್ಕಳಿಗೆ ಬರುತ್ತಿದೆ ಎಂದು ಆ ಶಬ್ದವನ್ನು ಓದಿಕೊಳ್ಳಲು ಅಡ್ಡಿಯಿಲ್ಲ.

ಅದೇ ಕಾಲಕ್ಕೆ ನಮ್ಮ ಭಾಗದಲ್ಲಿ ಶಿಕ್ಷಣಕ್ಕೆ ದುಡ್ಡು ಕೂಡಿಸುವ ಕೆಲಸ ಶುರುವಾಗಿತ್ತು. 1883ರಲ್ಲಿ ಧಾರವಾಡದ ಲಿಂಗಾಯತ ಮುಖಂಡರು ತಮ್ಮ ಸಮುದಾಯದ ಮಕ್ಕಳ ವಿದ್ಯಾಭ್ಯಾಸಕ್ಕೆ ನಿಧಿ ಕಟ್ಟಿದರು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆ ಬಿಟ್ಟುಹೋದರು. ಬ್ರಾಹ್ಮಣರ ಬಡ ಹುಡುಗರಿಗೆ ವಾರಾನ್ನದ ಮನೆಗಳಿದ್ದವು, ಲಿಂಗಾಯತ ಹುಡುಗರಿಗೆ ಮಠದ ಪ್ರಸಾದನಿಲಯಗಳು ಬಂದವು. ಇವನ್ನೆಲ್ಲ ಹೀಗಳೆಯುವುದು ನನ್ನ ಉದ್ದೇಶವಲ್ಲ. ಇವುಗಳಿಂದ ಎಷ್ಟೋ ಬಡವರ ಮಕ್ಕಳು ಮನುಷ್ಯರಾದರು. ನಾನು ಕಾಣಿಸಬೇಕೆಂದಿರುವುದು ಇಷ್ಟು: ಭೂಮಿ ಇದ್ದ ಸಮುದಾಯ ಮೃತ್ಯುಪತ್ರ ಬರೆಯಬಹುದು, ಊಟಕ್ಕೆ ಕರೆಯುವ ಮನೆಗಳಿದ್ದ ಸಮುದಾಯ ವಾರಾನ್ನ ಹಾಕಬಹುದು. ಭೂಮಿಯೂ ಇಲ್ಲದ, ಯಾರ ಮನೆಯ ಪಡಸಾಲೆಗೂ ಕಾಲಿಡುವಂತಿಲ್ಲದ ಕೇರಿಯ ಹುಡುಗನಿಗೆ ಸರಕಾರವಲ್ಲದೆ ಇನ್ನಾರು?

ಆ ಸರಕಾರ ಬರುವುದಕ್ಕೆ ಮುಂಚೆ ಒಬ್ಬ ಮಹಾರಾಜ ಬಂದರು. ಅಂಬೇಡ್ಕರರಿಗೆ ಬಡೋದೆಯ ಸಯಾಜಿರಾವ್ ಗಾಯಕವಾಡರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುವಾಗ ತಿಂಗಳಿಗೆ 25 ರೂಪಾಯಿ ಕೊಟ್ಟರು. 1913ರಲ್ಲಿ ಕೊಲಂಬಿಯಾಕ್ಕೆ ಹೋಗಲು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ಕೊಟ್ಟರು. ಅದಕ್ಕೆ ಪ್ರತಿಯಾಗಿ ಹತ್ತು ವರ್ಷ ಬಡೋದೆ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು. ಕರಾರಿನಂತೆ ಅವರು 1917ರಲ್ಲಿ ಬಡೋದೆಗೆ ಹೋದರು. ಕೊಲಂಬಿಯಾದಲ್ಲಿ ಓದಿ ಬಂದವರಿಗೆ ಅಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಿಂದಲೂ ಹೊರಹಾಕಿಸಿಕೊಂಡು ಮರಳಿದರು. ನಡುವೆ ನಿಂತ ಲಂಡನ್ನಿನ ಓದು ಮುಂದುವರಿದದ್ದು 1920ರಲ್ಲಿ. ಆಗ ಸಿಡೆನ್‌ಹ್ಯಾಂ ಕಾಲೇಜಿನ ಸಂಬಳದ ಉಳಿತಾಯ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭತೇನಾ ಅವರ ಸಾಲ ಎಲ್ಲ ಕೂಡಿದವು. ಸಂವಿಧಾನ ಬರೆದ ಮನುಷ್ಯನ ಓದು ಹೀಗೆ ತೇಪೆ ಹಾಕಿಕೊಂಡು ಮುಗಿದದ್ದು. ಒಬ್ಬ ರಾಜನ ಒಳ್ಳೆಯತನದ ಮೇಲೆ ಒಂದು ಸಮುದಾಯದ ಶಿಕ್ಷಣವನ್ನು ನಿಲ್ಲಿಸಲಿಕ್ಕೆ ಆಗುವುದಿಲ್ಲ ಎಂಬುದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು.

4

ಅದಕ್ಕೇ ಅವರು ಹಾಸ್ಟೆಲಿನಿಂದ ಶುರುಮಾಡಿದರು. 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿ ಕಟ್ಟಿದರು. ಮುಂಬಯಿ ಸರಕಾರದ ಅನುದಾನ ಪಡೆದು ಹೈಸ್ಕೂಲು ಓದುವ ಅಸ್ಪೃಶ್ಯ ಹುಡುಗರಿಗೆ ವಸತಿಗೃಹಗಳನ್ನು ನಡೆಸಿದರು. ಮರಾಠಿ ಸೀಮೆಯ ಊರುಗಳ ಜೊತೆಗೆ ಅವುಗಳಲ್ಲಿ ಒಂದು ಧಾರವಾಡದಲ್ಲಿತ್ತು. 1856ರಲ್ಲಿ ಒಬ್ಬನಿಗೆ ಜಾಗವಿಲ್ಲವೆಂದ ಊರಿನಲ್ಲಿ, ಮುಕ್ಕಾಲು ಶತಮಾನ ಕಳೆಯುವುದರೊಳಗೆ ಅಂಥ ಹುಡುಗರದೇ ಒಂದು ವಸತಿಗೃಹ ಎದ್ದು ನಿಂತಿತು. ಧಾರವಾಡವನ್ನು ವಿದ್ಯಾನಗರಿ ಎಂದು ಕೊಂಡಾಡುವ ಬರಹಗಳಲ್ಲಿ ಕರ್ನಾಟಕ ಕಾಲೇಜಿನ ಕಟ್ಟಡ ಬರುತ್ತದೆ, ಕವಿಗಳು ಬರುತ್ತಾರೆ, ಫೇಡೆಯೂ ಬರುತ್ತದೆ. ಈ ಹಾಸ್ಟೆಲು ಬರುವುದು ಅಪರೂಪ.

ಅದೇ 1928ರಲ್ಲಿ ಮುಂಬಯಿ ಸರಕಾರ ಸ್ಟಾರ್ಟ್ ಸಮಿತಿಯನ್ನು ನೇಮಿಸಿತು. ಅಂಬೇಡ್ಕರರು ಅದರ ಸದಸ್ಯರು. 1930ರ ಅದರ ವರದಿ ವಿದ್ಯಾರ್ಥಿ ವೇತನ, ಹಾಸ್ಟೆಲುಗಳನ್ನು ಸರಕಾರದ ಜವಾಬ್ದಾರಿಯಾಗಿ ನೋಡಿತು. ಇಷ್ಟಾದರೂ ಇದು ಬಹುಪಾಲು ಶಾಲೆಯ ಮಟ್ಟದ ಮಾತು. ಉನ್ನತ ಶಿಕ್ಷಣದ ಬಾಗಿಲಿಗೆ ಕೈಹಾಕಿದ್ದು 1942ರ ಅಕ್ಟೋಬರಿನಲ್ಲಿ. ವೈಸರಾಯರ ಕಾರ್ಯಕಾರಿ ಸಮಿತಿಯ ಸದಸ್ಯರಾದ ಕೆಲವೇ ತಿಂಗಳಲ್ಲಿ ಅಂಬೇಡ್ಕರರು ಲಿನ್‌ಲಿತ್‌ಗೋ ಅವರಿಗೆ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ದೀರ್ಘ ಮನವಿ ಕೊಟ್ಟರು. ಅಲಿಗಢ ಮತ್ತು ಬನಾರಸ್ ವಿಶ್ವವಿದ್ಯಾಲಯಗಳಿಗೆ ಸರಕಾರ ತಲಾ 3 ಲಕ್ಷ ರೂಪಾಯಿ ಕೊಡುತ್ತಿರುವುದನ್ನು ಎತ್ತಿ ತೋರಿಸಿ, ನಮ್ಮವರಿಗೇನು ಎಂದು ಕೇಳಿದರು. ವಿಜ್ಞಾನ, ತಂತ್ರಜ್ಞಾನ ಮತ್ತು ವಿದೇಶಿ ವ್ಯಾಸಂಗಕ್ಕೆ ವೇತನ ಬೇಕೆಂದರು. ವರ್ಷಕ್ಕೆ 3 ಲಕ್ಷ ರೂಪಾಯಿ ಮಂಜೂರಾಯಿತು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನ ಆರಂಭವಾಯಿತು. ಇಂದು 'ಪೋಸ್ಟ್ ಮೆಟ್ರಿಕ್' ಎಂದು ನಾವು ಫಾರ್ಮು ತುಂಬುವ ಯೋಜನೆಯ ಬೇರು ಅದು. ಸ್ವಾತಂತ್ರ್ಯಕ್ಕಿಂತ ಅದು ಹಿರಿಯದು, ಸಂವಿಧಾನಕ್ಕಿಂತಲೂ ಹಿರಿಯದು. ವಿದೇಶಿ ವ್ಯಾಸಂಗಕ್ಕೆಂದು ಪ್ರತ್ಯೇಕ ರಾಷ್ಟ್ರೀಯ ವೇತನ ಬಂದದ್ದು 1954-55ರಲ್ಲಿ.

5

ಇನ್ನು ವರ್ತಮಾನ. ಇವತ್ತು ಯಾರೂ 'ನಿನ್ನ ಜಾತಿಗೆ ಇಲ್ಲಿ ಜಾಗವಿಲ್ಲ' ಎಂದು ಬರೆದು ಕೊಡುವುದಿಲ್ಲ. ಕೌಂಟರಿನಲ್ಲಿ ಬೇರೆ ಮಾತು ಕೇಳಿಸುತ್ತದೆ: "ಮೊದಲ ಫೀ ತುಂಬು, ಸ್ಕಾಲರ್‌ಶಿಪ್ ಬಂದಮ್ಯಾಲೆ ತಗೊಳ್ಳಾಕಿ." ವೇತನ ಬರುವುದು ಸೆಮಿಸ್ಟರ್ ಮುಗಿದ ಮೇಲೆ, ಕೆಲವೊಮ್ಮೆ ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಹುಡುಗಿಯ ಅವ್ವ ಸಂಘದಲ್ಲಿ ಸಾಲ ತೆಗೆದಿರುತ್ತಾಳೆ, ವಾರವಾರ ಕಂತು ಕಟ್ಟುತ್ತಿರುತ್ತಾಳೆ. ಹಕ್ಕಾಗಿ ಬರಬೇಕಾದದ್ದು ತಡವಾಗಿ ಬಂದಾಗ ಸಾಲವಾಗಿ ಮಾರ್ಪಡುತ್ತದೆ, ಅದರ ಬಡ್ಡಿಯನ್ನು ಯಾವ ಯೋಜನೆಯೂ ಕೊಡುವುದಿಲ್ಲ.

ತಡ ಎನ್ನುವುದು ಆಡಳಿತದ ಆಲಸ್ಯ ಮಾತ್ರ ಎಂದು ನಂಬಬಾರದು. ಅದಕ್ಕೆ ಬಜೆಟ್ಟಿನ ಕಾರಣವೂ ಇದೆ. 2017ರ ನಂತರದ ಕೆಲ ವರ್ಷ ಪೋಸ್ಟ್ ಮೆಟ್ರಿಕ್ ಯೋಜನೆಯ ಹೊರೆ ಬಹುಮಟ್ಟಿಗೆ ರಾಜ್ಯಗಳ ಮೇಲೆ ಬಿದ್ದು, ಕೇಂದ್ರದ ಪಾಲು ಕುಗ್ಗಿತು. ದೇಶದಾದ್ಯಂತ ಕೂಗೆದ್ದ ಮೇಲೆ, 2020ರ ಡಿಸೆಂಬರಿನಲ್ಲಿ ಕೇಂದ್ರ ಶೇ. 60, ರಾಜ್ಯ ಶೇ. 40 ಎಂಬ ಸೂತ್ರ ಬಂತು. ಐದು ವರ್ಷಕ್ಕೆ ಒಟ್ಟು 59,048 ಕೋಟಿ ರೂಪಾಯಿಯ ಲೆಕ್ಕ ಹಾಕಲಾಯಿತು. ಹಣ ನೇರ ವಿದ್ಯಾರ್ಥಿಯ ಖಾತೆಗೆ, ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ್ದು. ನೇರ ಖಾತೆಗೆ ಎಂಬುದು ಕೇಳಲು ಚೆನ್ನ. ಎರಡು ಸರಕಾರಗಳಲ್ಲಿ ಒಂದು ಕೈ ತಡವಾದರೂ ವಿದ್ಯಾರ್ಥಿ ಕಾಯಬೇಕು, ಕಾಲೇಜು ಮಾತ್ರ ಕಾಯುವುದಿಲ್ಲ.

2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡರು. ಬಿಟ್ಟುಹೋದ ಪತ್ರದಲ್ಲಿ ತಮಗೆ ಬರಬೇಕಿದ್ದ ಏಳು ತಿಂಗಳ ಫೆಲೋಶಿಪ್ಪಿನ ಬಾಕಿಯನ್ನು ನೆನಪಿಸಿದ್ದರು. ಆ ಪತ್ರವನ್ನು ನಾವು ಸಾಹಿತ್ಯವಾಗಿ ಓದಿದ್ದೇವೆ, ಓದಬೇಕಾದದ್ದೇ. ಆದರೆ ಬಾಕಿಯ ಆ ಲೆಕ್ಕ ಪತ್ರದ ಅಂಚಿನ ವಿಷಯವಲ್ಲ, ಅದೂ ಪಠ್ಯದ ಭಾಗ.

ಹಾಗಿದ್ದರೆ ಈ ಚರಿತ್ರೆಯಿಂದ ನಾವು ಮಾಡಬೇಕಾದದ್ದೇನು? ಮೊದಲನೆಯದು, 1856ರ ತರ್ಕವನ್ನು ಮುರಿಯುವುದು. ಒಬ್ಬನೇ ಬಂದಿದ್ದಾನೆ ಎಂಬುದು ಅಂದು ನಿರಾಕರಣೆಗೆ ನೆಪವಾಯಿತು. ಇವತ್ತೂ ಒಬ್ಬೊಬ್ಬರೇ ಕೌಂಟರಿಗೆ ಹೋದರೆ ಒಬ್ಬೊಬ್ಬರನ್ನೇ ವಾಪಸು ಕಳಿಸುತ್ತಾರೆ. ಅರ್ಜಿ ಒಂಟಿಯಾಗಿ ಹೋಗಬಾರದು. ಎರಡನೆಯದು, ತಿಳುವಳಿಕೆಯನ್ನು ಕೇರಿಗೆ ಮುಟ್ಟಿಸುವುದು. ಪಿಯುಸಿ ಫಲಿತಾಂಶಕ್ಕೆ ಮುಂಚೆಯೇ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡುವುದು, ಮಾರ್ಕ್ಸ್ ಕಾರ್ಡಿನಲ್ಲೂ ಆಧಾರಿನಲ್ಲೂ ಹೆಸರು ಒಂದೇ ಇದೆಯೇ ಎಂದು ತಾಳೆ ಹಾಕುವುದು. ಇವು ಕ್ಷುಲ್ಲಕ ಸಂಗತಿಗಳೆಂದು ನಮ್ಮ ಬುದ್ಧಿಜೀವಿಗಳಿಗೆ ಅನ್ನಿಸಬಹುದು. ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೆ ಅರ್ಜಿ ಸಿಕ್ಕಿಬೀಳುತ್ತದೆ, ಅದರ ಜೊತೆ ಒಂದು ವರ್ಷವೂ ಹೋಗುತ್ತದೆ. ಪ್ರತಿ ಕಾಲೇಜಿನಲ್ಲಿ ಒಬ್ಬ ದಲಿತ ಅಧ್ಯಾಪಕ, ನಾಲ್ಕು ಜನ ಹಿರಿಯ ವಿದ್ಯಾರ್ಥಿಗಳು ಪ್ರವೇಶದ ತಿಂಗಳಲ್ಲಿ ಒಂದು ಮೇಜು ಹಾಕಿಕೊಂಡು ಕೂತರೆ ಸಾಕು, ಅದು ಯಾವ ವಿಚಾರ ಸಂಕಿರಣಕ್ಕೂ ಕಡಿಮೆಯಲ್ಲ.

ಮೂರನೆಯದು ವಿಮರ್ಶೆಯ ಕೆಲಸ. ಹಾಸ್ಟೆಲಿನ ಹಳೆಯ ರಿಜಿಸ್ಟರುಗಳು, ತಿರಸ್ಕೃತ ಅರ್ಜಿಗಳು, ಮನಿಯಾರ್ಡರಿನ ಚೀಟಿಗಳು ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಟ್ರಂಕಿನಲ್ಲಿರುತ್ತವೆ. ಅವು ರದ್ದಿಗೆ ಹೋಗುವ ಮೊದಲು ನಮ್ಮ ಎಂ.ಎ. ವಿದ್ಯಾರ್ಥಿಗಳು ಅವನ್ನು ಕೂಡಿಸಿ ಓದಬೇಕು. ಆತ್ಮಕಥನ ಬರೆದವರು ಬೆರಳೆಣಿಕೆಯವರು, ಅರ್ಜಿ ಬರೆದವರು ಲಕ್ಷಾಂತರ ಜನ. ಕಡತಕ್ಕೆ ಹೆಸರು ಬೇಕಿರಲಿಲ್ಲ, ಜಾತಿ ಸಾಕಾಗಿತ್ತು. ಆ ಹೆಸರುಗಳನ್ನು ಬರೆದಿಡುವ ಕೆಲಸ ದಲಿತ ವಿಮರ್ಶೆಯದೇ.