ಸ್ಪಾಮ್ ದೂರು: ನಂಬೋದು ಯಾರನ್ನ?

ಮೊನ್ನೆ ಒಂದು ಎಡವಟ್ಟು ಮಾಡಿಕೊಂಡೆ. ಬೇಡದ ಮಿಂಚೆಗಳನ್ನೆಲ್ಲ ಸಾಲಾಗಿ ಆರಿಸಿ 'ಸ್ಪಾಮ್' ಗುಂಡಿ ಒತ್ತುವಾಗ ಗೆಳೆಯನ ಮದುವೆಯ ಕರೆಯೋಲೆಯೂ ಸೇರಿಹೋಯಿತು! ದೂರು ಕೊಡುವುದು ಇಷ್ಟು ಸುಲಭ. ಅದು ನಿಜವೋ ಸುಳ್ಳೋ ಅಂತ ನೋಡುವುದು ಹೇಗೆ? ಪ್ರಶ್ನೆ ಹಳೆಯದೇ.

1978ರ ಮೇ 3ರಂದು ಅಮೆರಿಕದ ಗ್ಯಾರಿ ಥುರ್ಕ್ ತನ್ನ ಕಂಪನಿ ಡಿಇಸಿಯ ಕಂಪ್ಯೂಟರುಗಳ ಜಾಹೀರಾತನ್ನು ಅರ್ಪಾನೆಟ್‌ನ ಸುಮಾರು 400 ಜನರಿಗೆ ಕಳಿಸಿದ. ಕಳಿಸಿದವರು ಯಾರೆಂದು ಗೊತ್ತಿತ್ತು, ಬೈಯುವುದೂ ಸುಲಭವಿತ್ತು. ಆಮೇಲಿನ ಸ್ಪಾಮಿಗರು ಕಳಿಸಿದವರ ವಿಳಾಸವನ್ನೇ ಸುಳ್ಳು ಬರೆಯತೊಡಗಿದರು. ಅದನ್ನು ನಂಬಿ ಬೈದರೆ ಬೈಗುಳ ಯಾರೋ ಅಮಾಯಕನಿಗೆ!

1998ರಲ್ಲಿ ಜೂಲಿಯನ್ ಹೈಟ್ ಶುರುಮಾಡಿದ ಸ್ಪಾಮ್‌ಕಾಪ್, ದೂರು ಬಂದ ಮಿಂಚೆಯ ಹೆಡರನ್ನು ಯಂತ್ರದಿಂದಲೇ ಓದಿಸಿತು. ದಾರಿಯ ಪ್ರತಿ ಸರ್ವರ್ರೂ ಅಂಚೆ ಮುದ್ರೆಯ ಹಾಗೆ ಮೇಲೊಂದು 'ರಿಸೀವ್ಡ್' ಸಾಲು ಒತ್ತುತ್ತದೆ. ಎಲ್ಲಕ್ಕಿಂತ ಮೇಲಿನದು ನಮ್ಮದೇ ಸರ್ವರಿನದು, ಅದನ್ನು ನಂಬಬಹುದು. ಅಲ್ಲಿಂದ ಒಂದೊಂದೇ ಸಾಲು ಕೆಳಗಿಳಿದು, ಕೊಂಡಿ ತಪ್ಪಿದ ಕಡೆ ನಿಲ್ಲಬೇಕು. ಅದರ ಕೆಳಗಿನದು ಕಟ್ಟುಕತೆ ಇರಬಹುದು. ನಂಬಬಹುದಾದ ಕೊನೆಯ ಐಪಿ ವಿಳಾಸ ಯಾರ ಜಾಲದ್ದೋ ಅವರಿಗೇ ದೂರು.

ಆದರೆ ದೂರುದಾರನೇ ತಪ್ಪಿದರೆ? ವಿಪುಲ್ ವೇದ್ ಪ್ರಕಾಶ್ ಬರೆದ ರೇಜರ್ ತಂತ್ರಾಂಶದ ಎರಡನೇ ಆವೃತ್ತಿ ದೂರುದಾರನನ್ನೂ ತೂಗಿತು. ಅವನ ದೂರನ್ನು ಉಳಿದವರು ಒಪ್ಪಿದಷ್ಟೂ ಅವನ ಮಾತಿಗೆ ತೂಕ ಹೆಚ್ಚು, ಅಲ್ಲವೆಂದರೆ ಕಡಿಮೆ.

ನನ್ನ ತೂಕ ಎಷ್ಟಿಳಿಯಬೇಕೋ! ಕರೆಯೋಲೆಯನ್ನು 'ಸ್ಪಾಮ್ ಅಲ್ಲ' ಅಂತ ವಾಪಸು ತಂದೆ. ಅಷ್ಟರಲ್ಲಿ ಮದುವೆ ಮುಗಿದು ನಾಲ್ಕು ದಿನವಾಗಿತ್ತು.