ಒಣದ್ರಾಕ್ಷಿ ಪೊಟ್ಟಣದ ಮೇಲೆ ಏನು ಬರೆಯಬೇಕು? ಸಣ್ಣ ವ್ಯಾಪಾರಿಗಳಿಗೆ ಜಾಹೀರಾತಿನ ಪಾಠ

ವಿಜಯಪುರ: ನಗರದ ಪ್ರಮುಖ ವ್ಯಾಪಾರ ಕೇಂದ್ರವಾದ ಗಾಂಧಿ ಚೌಕದಲ್ಲಿ ಅಂಗಡಿಗಳಿಗೂ ಕೊರತೆಯಿಲ್ಲ, ಫಲಕಗಳಿಗೂ ಕೊರತೆಯಿಲ್ಲ. ಸಂಕ್ರಾಂತಿಯ ವೇಳೆ ಸಿದ್ಧೇಶ್ವರ ಜಾತ್ರೆಗೆ ಬರುವ ಪರ ಊರಿನವರೂ ಇಲ್ಲಿ ಖರೀದಿ ನಡೆಸುತ್ತಾರೆ. ಆದರೆ ‘ಉತ್ತಮ ಗುಣಮಟ್ಟ, ಯೋಗ್ಯ ದರ’ ಎಂಬ ಸಾಲನ್ನು ಯಾವ ಅಂಗಡಿಯ ಮೇಲೆ ಬರೆದರೂ ಸಲ್ಲುತ್ತದೆ. ಎಲ್ಲರಿಗೂ ಸಲ್ಲುವ ಮಾತು ಯಾರ ಸರಕನ್ನೂ ಗುರುತಿಸಿ ಕೊಡುವುದಿಲ್ಲ ಎಂಬುದೇ ಸಣ್ಣ ವ್ಯಾಪಾರಿಯ ಸಮಸ್ಯೆ.

ಇದಕ್ಕೆ ಜಿಲ್ಲೆಯ ಒಣದ್ರಾಕ್ಷಿಯೇ ಉತ್ತಮ ನಿದರ್ಶನ. ತಿಕೋಟಾ ಹಾಗೂ ಬಬಲೇಶ್ವರ ಭಾಗ ದ್ರಾಕ್ಷಿ ಬೆಳೆಗೆ ಹೆಸರಾಗಿದೆ. ಇಲ್ಲಿನ ಬೆಳೆಗಾರರು ಬಹುಕಾಲದಿಂದ ಮಹಾರಾಷ್ಟ್ರದ ಸಾಂಗ್ಲಿ ಮತ್ತು ತಾಸಗಾಂವ ಮಾರುಕಟ್ಟೆಗಳಿಗೆ ಒಣದ್ರಾಕ್ಷಿ ಒಯ್ಯುತ್ತ ಬಂದಿದ್ದಾರೆ. ಸಾಂಗ್ಲಿ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ವಿಜಯಪುರ ಜಿಲ್ಲೆಯದೇ ಆದ ಇಂಡಿ ಲಿಂಬೆಗೆ 2023ರಲ್ಲಿ ಅದೇ ಮಾನ್ಯತೆ ಲಭಿಸಿದೆ. ಊರಿನ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ ಎಂಬುದಕ್ಕೆ ಇವೆರಡೂ ಸಾಕ್ಷಿ. ಹೀಗಿರುವಾಗ ತನ್ನೂರಿನ ಸರಕನ್ನು ಹೆಸರಿಲ್ಲದೆ ಮಾರುವ ವ್ಯಾಪಾರಿ ತನ್ನ ಬಳಿ ಇರುವ ದೊಡ್ಡ ಬಂಡವಾಳವನ್ನೇ ಬಿಟ್ಟುಕೊಟ್ಟಂತಾಗುತ್ತದೆ.

ನಾಲ್ಕು ಪ್ರಶ್ನೆ, ನಾಲ್ಕು ಉತ್ತರ

ಕೊಳ್ಳುವವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ನಾಲ್ಕು: ಇದು ಏನು, ಎಲ್ಲಿಯದು, ಯಾವಾಗಿನದು, ಬೆಲೆ ಎಷ್ಟು? ಜಾಹೀರಾತಿನ ಬರಹ ಇದೇ ಕ್ರಮದಲ್ಲಿ ಉತ್ತರಿಸಬೇಕು. ‘ಅತ್ಯುತ್ತಮ ಒಣದ್ರಾಕ್ಷಿ ಇಲ್ಲಿ ದೊರೆಯುತ್ತದೆ’ ಎಂಬುದರ ಬದಲು ‘ತಿಕೋಟಾ ತೋಟದ ಬೀಜರಹಿತ ಹಸಿರು ಒಣದ್ರಾಕ್ಷಿ, ಈ ವರ್ಷದ ಮಾರ್ಚ್‌ನಲ್ಲಿ ಒಣಗಿಸಿದ್ದು, 250 ಗ್ರಾಂ’ ಎಂದು ಬರೆದು ಬೆಲೆಯನ್ನು ದಪ್ಪ ಅಕ್ಷರಗಳಲ್ಲಿ ನಮೂದಿಸುವುದು ಲೇಸು. ಇದರಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ. ಆದರೂ ಗ್ರಾಹಕನಿಗೆ ಬೇಕಾದ ಮಾಹಿತಿಯೆಲ್ಲ ಇದೆ. ಸರಕು ನಿಜವಾಗಿಯೂ ಆ ತೋಟದ್ದಾಗಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೆಲೆಗೆ ಕಾರಣ ತಿಳಿಸಿದರೆ ಚೌಕಾಸಿ ಕಡಿಮೆಯಾಗುತ್ತದೆ. ಸುಮಾರು 4 ಕಿಲೊ ಹಸಿ ದ್ರಾಕ್ಷಿ ಒಣಗಿದಾಗ ದೊರೆಯುವುದು 1 ಕಿಲೊ ಒಣದ್ರಾಕ್ಷಿ. ಈ ಒಂದು ಸಾಲು ಅಂಗಡಿಯ ಗೋಡೆಯ ಮೇಲಿದ್ದರೆ ‘ಇಷ್ಟೇಕೆ ದುಬಾರಿ’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ.

ಬರೆಯಬಾರದ ಮಾತುಗಳು

ದ್ರಾಕ್ಷಿ ಬೇಗ ಒಣಗಲೆಂದು ಅದನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ದ್ರಾವಣದಲ್ಲಿ ಅದ್ದುವುದು, ಹೊಂಬಣ್ಣ ಉಳಿಯಲೆಂದು ಗಂಧಕದ ಹೊಗೆ ಕೊಡುವುದು ರೂಢಿಯಲ್ಲಿದೆ. ಅಂತಹ ಸರಕಿನ ಮೇಲೆ ‘ರಾಸಾಯನಿಕ ಮುಕ್ತ’ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಕಿಲೊಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಲ್ಫೈಟ್ ಇದ್ದರೆ ಪೊಟ್ಟಣದ ಮೇಲೆ ತಿಳಿಸುವುದು ಕಡ್ಡಾಯ. ‘ಸಾವಯವ’ ಎನ್ನಲು ಪ್ರಮಾಣೀಕರಣ ಬೇಕು. ಆಹಾರ ಪದಾರ್ಥವು ಕಾಯಿಲೆ ಗುಣಪಡಿಸುತ್ತದೆ ಎಂದು ಹೇಳಿಕೊಳ್ಳಲು ಅವಕಾಶವಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ. ತಪ್ಪು ಮರುಕಳಿಸಿದರೆ ಈ ಮೊತ್ತ 50 ಲಕ್ಷದವರೆಗೆ ಏರುತ್ತದೆ. 2022ರ ಮಾರ್ಗಸೂಚಿಯ ಪ್ರಕಾರ ಷರತ್ತುಗಳನ್ನು ಜಾಹೀರಾತಿನ ಭಾಷೆಯಲ್ಲಿಯೇ ಮುದ್ರಿಸಬೇಕು. ಕನ್ನಡದಲ್ಲಿ ‘ಉಚಿತ’ ಎಂದು ಸಾರಿ, ಷರತ್ತನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಅಡಗಿಸುವಂತಿಲ್ಲ.

ಪೊಟ್ಟಣ ಮತ್ತು ಫಲಕ

ಪೊಟ್ಟಣ ಕಟ್ಟಿ ಮಾರುವವರು ತಯಾರಕರ ಇಲ್ಲವೆ ಪೊಟ್ಟಣ ಕಟ್ಟಿದವರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಕೆಯ ದಿನಾಂಕ, ಬಳಕೆಯ ಅವಧಿ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಸಸ್ಯಾಹಾರದ ಹಸಿರು ಗುರುತು, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಹಾಗೂ ದೂರು ಸಲ್ಲಿಸಲು ಸಂಪರ್ಕ ವಿವರ ನಮೂದಿಸಬೇಕು. ಇವುಗಳನ್ನು ಕಾನೂನಿನ ಹೊರೆಯೆಂದು ಮೂಲೆಗೆ ತಳ್ಳದೆ ಓದುವಂತೆ ಮುದ್ರಿಸಿದರೆ, ಅಪರಿಚಿತ ಗ್ರಾಹಕನ ನಂಬಿಕೆಗೆ ಅವೇ ಆಧಾರವಾಗುತ್ತವೆ.

ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂದು 2024ರ ತಿದ್ದುಪಡಿ ಕಾಯ್ದೆ ವಿಧಿಸಿದೆ. ಅಂಗಡಿಯ ಹೆಸರು, ಮಾರುವ ಮುಖ್ಯ ಸರಕು ಇವೆರಡೇ ಫಲಕಕ್ಕೆ ಸಾಕು. ಹತ್ತು ಸರಕುಗಳ ಪಟ್ಟಿ ತುಂಬಿದರೆ ದಾರಿಹೋಕನಿಗೆ ಒಂದೂ ಕಾಣಿಸದು.

ಬರಹವನ್ನು ಮುದ್ರಣಕ್ಕೆ ಕೊಡುವ ಮುನ್ನ ಪರಿಚಯವಿಲ್ಲದ ಒಬ್ಬರಿಗೆ ಓದಲು ಕೊಟ್ಟು, ಏನು ಮಾರಲಾಗುತ್ತಿದೆ, ಎಲ್ಲಿಯದು, ಎಷ್ಟಕ್ಕೆ ಎಂದು ಕೇಳುವುದು ಒಳ್ಳೆಯದು. ಅವರು ತಡವರಿಸಿದ ಸಾಲನ್ನು ತಿದ್ದಬೇಕು. ಹಂಗಾಮು ಬದಲಾದಾಗ ವರ್ಷ ಮತ್ತು ಬೆಲೆಯನ್ನು ಬದಲಿಸಲು ಮರೆಯಬಾರದು. ಕಳೆದ ವರ್ಷದ ದಿನಾಂಕ ಹೊತ್ತ ಫಲಕ ಹೊಸ ಸರಕನ್ನೂ ಹಳೆಯದೆಂದು ತೋರಿಸುತ್ತದೆ.