ಹಿಂದಿನ ಗಾಲಿಯ ಹೊಣೆ

ವಡೋದರಾದ ದಕ್ಷಿಣಕ್ಕೆ ಮಂಜಲ್‌ಪುರ, ಅದಕ್ಕೆ ತಾಗಿದಂತೆ ಮಕರ್‌ಪುರಾ ಕೈಗಾರಿಕಾ ಪ್ರದೇಶ. ಭಾರೀ ವಿದ್ಯುತ್ ಟ್ರಾನ್ಸ್‌ಫಾರ್ಮರುಗಳ ತಯಾರಿಕೆಗೆ ಈ ಊರು ಹೆಸರುವಾಸಿ. ಒಳಗಿನ ಎಣ್ಣೆ ತೆಗೆದು ಎಷ್ಟೇ ಹಗುರ ಮಾಡಿದರೂ ದೊಡ್ಡ ಟ್ರಾನ್ಸ್‌ಫಾರ್ಮರ್ ನೂರಾರು ಟನ್ ತೂಗುತ್ತದೆ. ಅದನ್ನು ಹೊತ್ತ ಸಾಲುಸಾಲು ಗಾಲಿಗಳ ಟ್ರೈಲರ್ ಹೆದ್ದಾರಿಯ ಬದಿ ನಿಂತಿದ್ದರೆ ನಮ್ಮ ಕಣ್ಣು ಹೋಗುವುದು ಮುಂದಿನ ಎಂಜಿನ್ ಕಡೆಗೆ. ಇಷ್ಟು ಭಾರವನ್ನು ಇದು ಹೇಗೆ ಎಳೆಯುತ್ತದಪ್ಪಾ ಎಂದು ಬೆರಗಾಗುತ್ತೇವೆ. ಹೊರಡುವ ಮೊದಲು ಚಾಲಕ ಮತ್ತು ಕ್ಲೀನರ್ ನೋಡುವುದು ಬೇರೆಯದನ್ನು. ಅವರು ಟ್ರೈಲರಿನ ಅಡಿಗೆ ತೂರಿ ಗಾಳಿಯ ಪೈಪು ಮುಟ್ಟುತ್ತಾರೆ, ಎಲ್ಲಾದರೂ ಸೋರುತ್ತಿದೆಯೇ ಎಂದು ಕಿವಿಗೊಡುತ್ತಾರೆ, ಗಾಲಿಗೆ ಇಟ್ಟ ಕಲ್ಲನ್ನು ಕೊನೆಯಲ್ಲಿ ತೆಗೆಯುತ್ತಾರೆ. ಎಳೆಯುವ ಚಿಂತೆ ಅವರಿಗೆ ಅಷ್ಟಿಲ್ಲ. ನಿಲ್ಲಿಸುವುದರ ಚಿಂತೆ ಇದೆ.

ಈ ಚಿಂತೆಗೆ ಒಂದು ಚರಿತ್ರೆಯಿದೆ. ಅದನ್ನು ಇದೇ ಬರೋಡದಿಂದ ಶುರುಮಾಡಬಹುದು. 1862ರಲ್ಲಿ ಮಹಾರಾಜ ಖಂಡೇರಾವ್ ಗಾಯಕವಾಡರು ದಭೋಯಿ ಮತ್ತು ಮಿಯಾಗಾಂವ್ ನಡುವೆ ಎರಡೂವರೆ ಅಡಿ ಅಗಲದ ಹಳಿ ಹಾಕಿಸಿದರು. ಭಾರತದ ನ್ಯಾರೋಗೇಜ್ ರೈಲಿನ ಕಥೆ ಶುರುವಾಗುವುದು ಅಲ್ಲಿಂದ. ಆ ಗಾಡಿಗಳನ್ನು ಮೊದಲು ಎಳೆದದ್ದು ಎತ್ತುಗಳು. ಹಳಿಗಳು ಎಂಜಿನ್ನಿನ ಭಾರ ತಾಳುವಂತಿರಲಿಲ್ಲ. ಭಾರದ ಹಳಿ ಹಾಕಿ 1873ರಲ್ಲಿ ಮಾರ್ಗವನ್ನು ಮತ್ತೆ ತೆರೆದ ಮೇಲೆ ಎಂಜಿನ್‌ಗಳ ಕಾಲ ಬಂತು.

ಎತ್ತಿನ ಗಾಡಿಯಲ್ಲಿ ಎಳೆಯುವ ಪ್ರಾಣಿಯೇ ತಡೆಯುವ ಪ್ರಾಣಿಯೂ ಹೌದು. ಇಳಿಜಾರಿನಲ್ಲಿ ಭಾರ ಹಿಂದಿನಿಂದ ನೂಕಿದಾಗ ಎತ್ತು ಕಾಲೂರಿ ನಿಲ್ಲುತ್ತದೆ, ನೊಗ ಮುಂದಕ್ಕೆ ಜಾರುತ್ತದೆ, ಗಾಡಿಯವನು ಇಳಿದು ಗಾಲಿಗೆ ಮರ ಒತ್ತುತ್ತಾನೆ. ನಡಿಗೆಯ ವೇಗಕ್ಕೆ ಅಷ್ಟು ಸಾಕು. ಆದರೆ ವೇಗ ಎರಡು ಪಟ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಎಂಜಿನ್ ಬಂದಾಗ ಎಳೆಯುವ ಬಲ ಒಂದೇಟಿಗೆ ಹೆಚ್ಚಿತು, ತಡೆಯುವ ಬಲ ಅದರ ಹಿಂದೆ ಕುಂಟುತ್ತಾ ಬಂತು. ರೈಲಿನ ಆರಂಭದ ದಶಕಗಳಲ್ಲಿ ಎಂಜಿನ್ನಿಗೊಂದು ಬ್ರೇಕು, ಗಾರ್ಡಿನ ಡಬ್ಬಿಗೊಂದು ಕೈಬ್ರೇಕು, ನಡುವಿನ ಡಬ್ಬಿಗಳಲ್ಲಿ ಹೆಚ್ಚಿನವು ದೇವರ ಮೇಲೆ ಭಾರ.

1869ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಒತ್ತಿದ ಗಾಳಿಯಿಂದ ಎಲ್ಲ ಡಬ್ಬಿಗಳಿಗೂ ಬ್ರೇಕು ಹಾಕುವ ವಿಧಾನ ಕಂಡುಹಿಡಿದ. ಅದರಲ್ಲೊಂದು ಕುಂದಿತ್ತು. ಪೈಪು ಒಡೆದರೆ ಗಾಳಿ ಹೋಯಿತು, ಗಾಳಿ ಹೋದರೆ ಬ್ರೇಕೂ ಹೋಯಿತು. 1872ರಲ್ಲಿ ಆತ ಅದನ್ನು ತಲೆಕೆಳಗು ಮಾಡಿದ. ಪ್ರತಿ ಡಬ್ಬಿಗೂ ಸ್ವಂತ ಗಾಳಿಯ ತೊಟ್ಟಿ ಕೊಟ್ಟ. ಪೈಪಿನಲ್ಲಿ ಒತ್ತಡವಿರುವವರೆಗೆ ಬ್ರೇಕು ಬಿಟ್ಟಿರುತ್ತದೆ, ಒತ್ತಡ ಇಳಿದರೆ ತಾನಾಗಿ ಹಿಡಿಯುತ್ತದೆ. ಕೊಂಡಿ ಕಳಚಿ ಪೈಪು ಹರಿದರೆ ರೈಲಿನ ಎರಡೂ ತುಂಡುಗಳು ನಿಲ್ಲುತ್ತವೆ. ಕೆಟ್ಟುಹೋಗುವುದೇ ಆದರೆ ನಿಲ್ಲುವ ಕಡೆಗೆ ಕೆಡಬೇಕು ಎನ್ನುವುದು ಇದರ ಹಿಂದಿನ ವಿಚಾರ.

ಈ ಮಾತನ್ನು ಎಲ್ಲರೂ ಕೂಡಲೇ ಕೇಳಲಿಲ್ಲ. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾದಲ್ಲಿ ಭಾನುವಾರದ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಒಯ್ಯುತ್ತಿದ್ದ ರೈಲು ಏರಿನಲ್ಲಿ ನಿಂತುಬಿಟ್ಟಿತು. ಸಿಬ್ಬಂದಿ ರೈಲನ್ನು ಎರಡು ಭಾಗ ಮಾಡಿ ಮುಂದಿನದನ್ನು ಮೊದಲು ಒಯ್ಯಲು ಹೊರಟರು. ಅದರಲ್ಲಿದ್ದದ್ದು ತಾನಾಗಿ ಹಿಡಿಯದ ಬ್ರೇಕು. ಪೈಪು ಬಿಚ್ಚುತ್ತಲೇ ಹಿಂದಿನ ಡಬ್ಬಿಗಳ ತಡೆ ಹೋಯಿತು. ಉಳಿದದ್ದು ಗಾರ್ಡಿನ ಕೈಬ್ರೇಕು ಮತ್ತು ಗಾಲಿಗಳಿಗೆ ಇಟ್ಟ ಕಲ್ಲು. ಮುಂದಿನ ಭಾಗ ಹೊರಡುವಾಗ ತುಸು ಹಿಂದಕ್ಕೆ ಸರಿದು ತಾಗಿತು, ಕಲ್ಲುಗಳು ಪುಡಿಯಾದವು. ಡಬ್ಬಿಗಳು ಇಳಿಜಾರಿನಲ್ಲಿ ಓಡಿ ಹಿಂದೆ ಬರುತ್ತಿದ್ದ ರೈಲಿಗೆ ಬಡಿದವು. ಸುಮಾರು 80 ಜನ ಸತ್ತರು, ಅವರಲ್ಲಿ ಎಷ್ಟೋ ಮಕ್ಕಳು. ಅದೇ ವರ್ಷ ಬ್ರಿಟನ್ನಿನ ಸಂಸತ್ತು ಪ್ರಯಾಣಿಕ ರೈಲುಗಳಿಗೆ ತಾನಾಗಿ ಹಿಡಿಯುವ ಬ್ರೇಕನ್ನು ಕಡ್ಡಾಯ ಮಾಡಿತು.

ಮಂಜಲ್‌ಪುರದ ಟ್ರೈಲರಿನ ಕೆಳಗಿರುವುದು ಇದೇ ವಿಚಾರದ ಮುಂದುವರಿಕೆ. ಎಂಜಿನ್ನಿನಿಂದ ಟ್ರೈಲರಿಗೆ ಎರಡು ಗಾಳಿಯ ಪೈಪುಗಳು ಹೋಗುತ್ತವೆ. ಒಂದು ಗಾಳಿ ತುಂಬಿಸಲು, ಇನ್ನೊಂದು ಬ್ರೇಕಿನ ಆಜ್ಞೆ ಮುಟ್ಟಿಸಲು. ಗಾಳಿ ತುಂಬಿಸುವ ಪೈಪು ಕಿತ್ತುಬಂದರೆ ಟ್ರೈಲರ್ ತಾನೇ ಬ್ರೇಕು ಹಿಡಿಯುತ್ತದೆ.

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ನಮ್ಮವರು ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಹೋಗುವಾಗ ಬಳಸುವುದು ಬೇರೊಂದು ಬಗೆ, ವಿದ್ಯುತ್ ಬ್ರೇಕು. ಅದನ್ನು ಬಳಕೆಗೆ ತಂದವರಲ್ಲಿ 1927ರಲ್ಲಿ ಶುರುವಾದ ಅಮೆರಿಕದ ವಾರ್ನರ್ ಎಲೆಕ್ಟ್ರಿಕ್ ಕಂಪನಿ ಪ್ರಮುಖ. ಗಾಲಿಯ ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತ. ಕರೆಂಟು ಹರಿದರೆ ಅದು ತಿರುಗುವ ಡ್ರಮ್ಮಿಗೆ ಅಂಟಿ ಅದರೊಡನೆ ಸರಿಯಲು ನೋಡುತ್ತದೆ, ಆ ಸೆಳೆತ ಒಂದು ತೋಳನ್ನು ತಿರುಗಿಸಿ ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಜಾಣ ಉಪಾಯವೇ. ಆದರೆ ಚರಿತ್ರೆ ಗೊತ್ತಿದ್ದವರಿಗೆ ಇದು 1869ರ ಹಳೆಯ ಕುಂದೇ ಎಂದು ಹೊಳೆಯುತ್ತದೆ. ತಂತಿ ತುಂಡಾದರೆ ಬ್ರೇಕಿಲ್ಲ. ಅದಕ್ಕೇ ಟ್ರೈಲರಿನ ಮೇಲೆ ಪ್ರತ್ಯೇಕ ಬ್ಯಾಟರಿ, ಜೊತೆಗೆ ಕಾರಿಗೆ ಕಟ್ಟಿದ ದಾರದ ತುದಿಯಲ್ಲೊಂದು ಪಿನ್ನು. ಕೊಂಡಿ ಕಳಚಿದರೆ ಪಿನ್ನು ಕಿತ್ತುಬಂದು ಬ್ಯಾಟರಿಯಿಂದ ಬ್ರೇಕು ಹಿಡಿಯುತ್ತದೆ. ಅಮೆರಿಕದ ನಿಯಮದಂತೆ ಹಾಗೆ ಹಿಡಿದ ಬ್ರೇಕು ಕನಿಷ್ಠ 15 ನಿಮಿಷ ಬಿಡಬಾರದು.

ಹಾಗಾಗಿ ಭಾರ ಕಟ್ಟುವ ಮೊದಲು ನೋಡಬೇಕಾದ್ದು ಏನು ಎಂಬುದೂ ಈ ಚರಿತ್ರೆಯಿಂದಲೇ ಬರುತ್ತದೆ. ಮೊದಲು ಕೊನೆಯ ಆಸರೆಯನ್ನೇ ನೋಡಬೇಕು. ಕಾರಿನ ಪ್ಲಗ್ಗು ಬಿಚ್ಚಿ, ಪಿನ್ನು ಎಳೆದು, ಟ್ರೈಲರನ್ನು ಮೆಲ್ಲಗೆ ಎಳೆದು ನೋಡಿದರೆ ಗಾಲಿಗಳು ತಡೆಯಬೇಕು. ತಡೆಯದಿದ್ದರೆ ಬ್ಯಾಟರಿ ಸತ್ತಿರಬಹುದು. ಆಮೇಲೆ ಕರೆಂಟು. 12 ವೋಲ್ಟಿನ ಸಾಮಾನ್ಯ ಬ್ರೇಕಿನಲ್ಲಿ ಒಂದೊಂದು ಕಾಂತ ಸುಮಾರು 3 ಆಂಪಿಯರ್ ಎಳೆಯುತ್ತದೆ. ನಾಲ್ಕು ಗಾಲಿಗೆ 12ರ ಆಸುಪಾಸು ಬರಬೇಕು. 9 ಬಂದರೆ ಒಂದು ಗಾಲಿ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಬೇಕು. ಎಲ್ಲ ಗಾಲಿಯೂ ಮಂಕಾಗಿದ್ದರೆ ತುಕ್ಕು ಹಿಡಿದ ಅರ್ಥ್ ಜೋಡಣೆಯನ್ನು ಮೊದಲು ಅನುಮಾನಿಸಬೇಕು. ಕರೆಂಟು ಸರಿಯಿದ್ದೂ ಹಿಡಿತ ಇಲ್ಲವೆಂದರೆ ಡ್ರಮ್ಮು ಬಿಚ್ಚಿ ಸವೆದ ಲೈನರ್, ಒಳಗೆ ಇಳಿದ ಗ್ರೀಸು ನೋಡಬೇಕು. ಕಡೆಗೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕಿ, ಗಾಲಿಗಳು ಜಾಮಾಗದೆ ಎಳೆತ ತಿಳಿಯುವಷ್ಟಕ್ಕೆ ಹೊಂದಿಸಿಕೊಳ್ಳಬೇಕು. ಮುಂದಿನ ವಾಹನ ಮಾತ್ರ ನಿಂತು ಹಿಂದಿನದು ನಿಲ್ಲದಿದ್ದರೆ ಭಾರ ಹಿಂದಿನಿಂದ ನೂಕಿ ಎರಡನ್ನೂ ಮಡಚಿಬಿಡುತ್ತದೆ.

ನಮ್ಮ ನಾಡಿನಲ್ಲೂ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ವೀರಪಾಂಡ್ಯ ಭೈರರಸ ಪ್ರತಿಷ್ಠಾಪಿಸಿದ. ಆ ಮೂರ್ತಿಯನ್ನು ಬಂಡಿಯ ಮೇಲಿಟ್ಟು ಸಾವಿರಾರು ಜನ ಬೆಟ್ಟಕ್ಕೆ ಎಳೆದರು ಎಂಬುದು ಪ್ರತೀತಿ. ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈಯವರು ಕಡೆದ 39 ಅಡಿಯ ಬಾಹುಬಲಿ 1973ರಲ್ಲಿ ಬಹುಗಾಲಿಗಳ ಟ್ರಾಲಿಯ ಮೇಲೆ ಧರ್ಮಸ್ಥಳಕ್ಕೆ ಹೊರಟಿತು. ತೂಕ ಸುಮಾರು 170 ಟನ್. ದಾರಿಯೆಲ್ಲ ಕರಾವಳಿಯ ಏರಿಳಿತ. ಸಾವಿರಾರು ಕೈಗಳು ಹಗ್ಗ ಹಿಡಿದು ಏರಿಸಬಹುದು. ಇಳಿಜಾರಿನಲ್ಲಿ ಹಗ್ಗದ ಮುಂದೆ ಇರುವವರಿಂದ ಏನೂ ಆಗದು. ಅಂಥ ಭಾರ ಇಳಿಯುವಾಗ ಹಿಂದಿನಿಂದಲೂ ಹಿಡಿದೆಳೆಯುವ ವಾಹನ ಬೇಕು, ಪ್ರತಿ ಗಾಲಿಗೂ ತಡೆ ಬೇಕು. ಇಂದು ವಡೋದರಾದಿಂದ ಹೊರಟ ಟ್ರಾನ್ಸ್‌ಫಾರ್ಮರ್ ಘಟ್ಟ ಇಳಿಯುವಾಗಲೂ ಲೆಕ್ಕ ಇದೇ.

ಇಷ್ಟೆಲ್ಲ ಕಲಿತ ಮೇಲೂ ಕಬ್ಬಿನ ಕಾಲದಲ್ಲಿ ನಮ್ಮ ಮಂಡ್ಯ, ಬೆಳಗಾವಿ ರಸ್ತೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರಾಲಿ ಹೋಗುತ್ತವೆ. ಸ್ವಂತ ಬ್ರೇಕೇ ಇಲ್ಲದವು ಅವುಗಳಲ್ಲಿ ಅಪರೂಪವಲ್ಲ. ಏರಿನಲ್ಲಿ ನಿಂತರೆ ಹುಡುಗನೊಬ್ಬ ಜಿಗಿದು ಗಾಲಿಗೆ ಕಲ್ಲಿಡುತ್ತಾನೆ. ಆರ್ಮಾದಲ್ಲಿ ಇಟ್ಟದ್ದೂ ಅಂಥದೇ ಕಲ್ಲು. ಮುಂದಿನ ಸಲ ಅಂಥ ಟ್ರಾಲಿಯ ಹಿಂದೆ ನಿಮ್ಮ ಗಾಡಿ ನಿಂತಾಗ ಸ್ವಲ್ಪ ಜಾಗ ಬಿಟ್ಟು ನಿಲ್ಲಿ. ಟ್ರಾಲಿ ನಿಮ್ಮದೇ ಆಗಿದ್ದರೆ, ಕಬ್ಬು ತುಂಬುವ ಮೊದಲು ಒಮ್ಮೆ ಅದರ ಅಡಿಗೆ ಬಗ್ಗಿ ನೋಡಿ.